ಹೂಂ ಕದ್ದ ಮಾಂತ್ರಿಕನೂ ಮೇನೆ ಹೊರುವ ದುರುಗನೂ

ಬಹಳ ಹಿಂದೆ, ಬೆಟ್ಟಗಳಿಗೆ ಇನ್ನೂ ಯಾರೂ ಹೆಸರಿಡದಿದ್ದ ಕಾಲದಲ್ಲಿ, ಶಿಲಾವತಿ ಅಂತ ಒಂದು ರಾಜ್ಯವಿತ್ತು. ಅದಕ್ಕೆ ರಣಕೇಸರಿ ಅಂತ ಒಬ್ಬ ರಾಜ. ಅವನು ರಣವನ್ನೂ ಕಂಡವನಲ್ಲ, ಕೇಸರಿಯನ್ನೂ ಕಂಡವನಲ್ಲ. ಊಟ ಮಾಡುತ್ತಿದ್ದ, ಮಲಗುತ್ತಿದ್ದ, ಎದ್ದು ತನ್ನ ಹೆಸರನ್ನು ಕಲ್ಲಿನ ಮೇಲೆ ಕೆತ್ತಿಸುತ್ತಿದ್ದ.

ಆ ರಾಜ್ಯದಲ್ಲಿ ದುರುಗ ಅಂತ ಒಬ್ಬ ಯುವಕನಿದ್ದ. ಮೇನೆ ಹೊರುವುದು ಅವನ ಕಸುಬು. ಮೇನೆ ಅಂದರೆ ದಂಡಿಗೆ ಅನ್ನುವ ಒಂದೇ ಉದ್ದನೆಯ ಕೋಲಿಗೆ ಕಟ್ಟಿದ ಸಣ್ಣ ಪಲ್ಲಕ್ಕಿ. ಮುಂದೆ ಒಬ್ಬ, ಹಿಂದೆ ಒಬ್ಬ. ಮುಂದೆ ಅವನ ಸೋದರಮಾವ ಕಾಟಯ್ಯ, ಹಿಂದೆ ದುರುಗ. ಹಿಂದಿನವನಿಗೆ ದಾರಿ ಕಾಣುವುದಿಲ್ಲ, ಕಾಣುವುದು ಮೇನೆಯ ಬೆನ್ನು ಮಾತ್ರ. ಅದಕ್ಕೇ ಮುಂದಿನವನು ಕೂಗಿ ಹೇಳುತ್ತಾನೆ.

"ಎಡಕ್ಕೆ ಕಲ್ಲು."

"ಹೂಂ."

"ಮುಂದೆ ಇಳಿಜಾರು."

"ಹೂಂ."

ಹಿಂದಿನಿಂದ ಹೂಂ ಬಂದರೆ ಮಾತ್ರ ಮುಂದಿನವನ ಕಾಲು ಏಳುತ್ತದೆ. ಬರದಿದ್ದರೆ ನಿಲ್ಲಬೇಕು. ಮೂರು ಸಲ ಕೂಗಿದರೂ ಬರದಿದ್ದರೆ ಮೇನೆಯನ್ನು ಇದ್ದ ಜಾಗದಲ್ಲೇ ಇಳಿಸಬೇಕು, ಒಳಗೆ ಕೂತವನು ಯಾರೇ ಆಗಿರಲಿ. ಹಿಂದಿನವನಿಗೆ ಉಸಿರು ಕಟ್ಟಿರಬಹುದು, ಚೇಳು ಕಡಿದಿರಬಹುದು. ಅವನನ್ನು ಎಳೆದುಕೊಂಡು ಹೋಗುವುದು ಕೊಲೆ. ಇದು ಅವರ ಕಟ್ಟಳೆ. ಒಳಗೆ ಕೂತವರಿಗೆ ಇದು ಗೊತ್ತಿರಲಿಲ್ಲ. ಹೊರುವವರು ಎತ್ತುಗಳ ಹಾಗೆ ಏದುಸಿರು ಬಿಡುತ್ತಾರೆ ಅಂದುಕೊಂಡು ಎಲೆಯಡಿಕೆ ಮೆಲ್ಲುತ್ತಿದ್ದರು.

ಆ ನಾಡಿನಲ್ಲಿ ಹೂಂ ಅನ್ನುವುದು ಒಂದು ಮಾತಲ್ಲ, ನೂರು ಮಾತು. ತಾಯಿ ಮಗುವನ್ನು ತಟ್ಟುತ್ತಾ ಅನ್ನುವ ಹೂಂ ಬೇರೆ. ಅಜ್ಜ ಮೊಣಕಾಲು ಹಿಡಿದು ಏಳುವಾಗಿನ ಹೂಂ ಬೇರೆ. ನೀನು ಹೇಳು, ನಾನು ಕೇಳುತ್ತಿದ್ದೇನೆ ಅನ್ನುವುದಕ್ಕೊಂದು, ನಿನ್ನ ಮಾತನ್ನು ನಾನು ನಂಬುವುದಿಲ್ಲ ಅನ್ನುವುದಕ್ಕೊಂದು, ಇರು ನಿನಗೆ ಮಾಡುತ್ತೇನೆ ಅನ್ನುವುದಕ್ಕೊಂದು. ಸತ್ತವರ ಮನೆಯ ಜಗಲಿಯಲ್ಲಿ ಕೂತು ಏನೂ ತೋಚದೆ ಅನ್ನುವ ಹೂಂ ಎಲ್ಲಕ್ಕಿಂತ ಬೇರೆ. ಕೆಲವರು ಬಾಯಲ್ಲಿ ಹೂಂ ಅನ್ನುತ್ತಿದ್ದರು, ಕೆಲವರು ಮೂಗಿನಲ್ಲಿ ಹ್ಞೂಂ ಅನ್ನುತ್ತಿದ್ದರು. ಯಾವುದಕ್ಕೆ ಯಾವುದು ಅಂತ ಯಾರಿಗೂ ಯಾರೂ ಕಲಿಸಿರಲಿಲ್ಲ. ಆದರೂ ಎಲ್ಲರಿಗೂ ಗೊತ್ತಿತ್ತು.

ಅಂಥ ನಾಡಿಗೆ ಕೂರ್ಮಾಕ್ಷ ಅನ್ನುವ ಮಾಂತ್ರಿಕ ಬಂದ. ಅವನ ಮೇನೆಯನ್ನು ಹೊರುತ್ತಿದ್ದವರು ಮನುಷ್ಯರಲ್ಲ. ಮುಂದೆ ಒಂದು ಹುಲಿ, ಹಿಂದೆ ಒಂದು ಕರಡಿ. ಅವನ ಹೆಗಲ ಮೇಲೆ ಒಂದು ಚಿನ್ನದ ಹಲ್ಲಿ. ಯಾರಾದರೂ ಹೂಂ ಅಂದರೆ ಸಾಕು, ಹಲ್ಲಿ ನಾಲಿಗೆ ಚಾಚಿ ಆ ದನಿಯನ್ನು ಗಾಳಿಯಿಂದ ನೆಕ್ಕಿಕೊಳ್ಳುತ್ತಿತ್ತು. ಕೂರ್ಮಾಕ್ಷ ಒಂದು ಓಲೆ ತೆಗೆದು ಓದುತ್ತಿದ್ದ: "ನನ್ನ ಮಂಟಪಕ್ಕೆ ಕಂಬವಾಗಿ ನಿಲ್ಲಲು ನಿಮಗೆ ಒಪ್ಪಿಗೆಯೇ ಎಂದು ಕೇಳಿದೆವು. ಹೂಂ ಎಂದಿರಿ." ಓದಿ ಮುಗಿಸುವುದರೊಳಗೆ ಹೂಂ ಅಂದವರು ಕಲ್ಲಾಗುತ್ತಿದ್ದರು. ಹೊಳೆಯಾಚೆಯ ಬಂಡೆಯ ಮೇಲೆ ಕಂಬವಾಗಿ ನಿಲ್ಲುತ್ತಿದ್ದರು.

ದುರುಗನ ತಾಯಿ ಸಣ್ಣೀರವ್ವ ಕಲ್ಲಾದದ್ದೂ ಹಾಗೇ. ಒಂದು ಬೆಳಿಗ್ಗೆ ಅವಳು ಬಾಗಿಲಲ್ಲಿ ಕೂತು ಹಳೆ ಸೀರೆ ಹರಿದು ಮಗನ ಹೆಗಲಿಗೆ ಸಿಂಬೆ ಸುತ್ತುತ್ತಿದ್ದಳು. ದುರುಗ ಗೊಣಗುತ್ತಿದ್ದ.

"ಅವ್ವಾ, ನಿನ್ನೆ ಹೊತ್ತ ಸಾಹುಕಾರ ಮೂರಾಳು ತೂಕ ಅವ್ನೆ."

"ಹ್ಞೂಂ."

"ಹೆಗಲು ಹುಣ್ಣಾಗೈತೆ."

"ಹ್ಞೂಂ, ಮಗಾ."

ಬೀದಿಯಲ್ಲಿ ಕೂರ್ಮಾಕ್ಷನ ಮೇನೆ ಹೋಗುತ್ತಿತ್ತು. ಹಲ್ಲಿ ನಾಲಿಗೆ ಚಾಚಿತು. ಸಿಂಬೆ ನೆಲಕ್ಕೆ ಬಿತ್ತು. ಸಣ್ಣೀರವ್ವ ಇರಲಿಲ್ಲ.

ದುರುಗ ಅರಮನೆಗೆ ಓಡಿದ. "ಸ್ವಾಮಿ, ಅವಳು ಯಾವುದಕ್ಕೂ ಒಪ್ಪಲಿಲ್ಲ. ನಾನು ಮಾತಾಡ್ತಿದ್ದೆ, ಅವಳು ಕೇಳ್ತಿದ್ದಳು, ಅಷ್ಟೇ" ಅಂದ. ರಾಜ ಪಂಡಿತರನ್ನು ಕರೆಸಿದ. ಪಂಡಿತರು ದುರುಗನ ಕಣ್ಣೀರು ನೋಡಲಿಲ್ಲ. ಆ ಹೆಂಗಸು ಅಂದದ್ದು ಹೂಂ ಎಂದೋ ಹ್ಞೂಂ ಎಂದೋ, ಬರೆಯುವಾಗ ಹೇಗೆ ಬರೆಯಬೇಕು ಅಂತ ಏಳು ದಿನ ಚರ್ಚೆ ಮಾಡಿದರು. ಏಳು ದಿನವೂ ಹೋಳಿಗೆ ಊಟ. ಎಂಟನೆಯ ದಿನ ತೀರ್ಪು ಬಂತು: ಹೇಗೆ ಬರೆದರೂ ಅರ್ಥ ಒಂದೇ, ಒಪ್ಪಿಗೆ. ಬೇರೆ ಅರ್ಥ ಇಲ್ಲ. "ಸರಿಯೇ ಮಹಾಪ್ರಭು?" ಅಂತ ರಾಜನನ್ನು ಕೇಳಿದರು. ರಾಜ ಗೋಡೆಯ ಮೇಲೆಲ್ಲ ಹಲ್ಲಿ ಇದೆಯಾ ಅಂತ ನೋಡಿ, ಬಾಯಿ ಬಿಗಿಹಿಡಿದು ತಲೆ ಮಾತ್ರ ಆಡಿಸಿದ.

ಅಂದಿನಿಂದ ಶಿಲಾವತಿಯಲ್ಲಿ ಯಾರೂ ಹೂಂ ಅನ್ನಲಿಲ್ಲ. ಹೂಂಗುಟ್ಟುವವರಿಲ್ಲದೆ ಕತೆ ಹೇಳುವ ಅಜ್ಜಿಯರು ಅರ್ಧಕ್ಕೇ ನಿಲ್ಲಿಸಿದರು. ಕೂಸುಗಳು ಮಲಗಲಿಲ್ಲ. ಹೊರುವವರು ಮೇನೆಗಳನ್ನು ಮೂಲೆಗೆ ನಿಲ್ಲಿಸಿದರು. ದುರುಗ ಮಾತ್ರ ದಿನಾ ಹೊಳೆ ದಾಟಿ ಹೋಗಿ ತಾಯಿಯ ಕಂಬಕ್ಕೆ ಬೆನ್ನು ಕೊಟ್ಟು ಕೂರುತ್ತಿದ್ದ. ನಡುಹಗಲಲ್ಲಿ ಬೇರೆ ಬಂಡೆಗಳು ಕಾದ ಹೆಂಚಿನಂತೆ ಸುಡುತ್ತಿದ್ದರೂ ಆ ಕಂಬ ಅಂಗೈಯಂತೆ ತಣ್ಣಗಿರುತ್ತಿತ್ತು. ಅವನು ಮಾತಾಡುತ್ತಿದ್ದ. ಹ್ಞೂಂ ಬರುತ್ತಿರಲಿಲ್ಲ.

ಹೀಗಿರುವಾಗ ಡಂಗುರ ಸಾರಿದರು. ಮಂಟಪಕ್ಕೆ ಸಾವಿರ ಕಂಬ ಬೇಕು, ಒಂಬೈನೂರ ತೊಂಬತ್ತೊಂಬತ್ತು ನಿಂತಿವೆ. ಹುಣ್ಣಿಮೆಯ ದಿನ ನಡುಹಗಲಿಗೆ ಕೂರ್ಮಾಕ್ಷ ಪ್ರಭುಗಳು ತಮ್ಮ ಕೈಯಾರೆ ಛಾವಣಿ ಏರಿಸುತ್ತಾರೆ. ಛಾವಣಿ ಏರಿತೆಂದರೆ ಕಲ್ಲಾದವರು ಎಂದೆಂದಿಗೂ ಕಲ್ಲೇ.

ಹುಣ್ಣಿಮೆಗೆ ಮೂರೇ ದಿನ ಇತ್ತು. ದುರುಗ ತಾಯಿ ಸುತ್ತಿದ್ದ ಸಿಂಬೆಯನ್ನು ಹೆಗಲಿಗಿಟ್ಟುಕೊಂಡ. ಮೇನೆ ಹೊರುವವರು ದಣಿದಾಗ ದಂಡಿಗೆಗೆ ಆನಿಸುವ ಕವೆಗೋಲನ್ನು ಕೈಗೆ ತೆಗೆದುಕೊಂಡ. ಕೂರ್ಮಾಕ್ಷನ ಮನೆಗೆ ಹೊರಟ.

ಮನೆಯ ಮೊದಲ ಬಾಗಿಲಲ್ಲಿ ಹುಲಿ ಮಲಗಿತ್ತು.

"ಒಳಗೆ ಹೋಗೋರನ್ನ ತಿನ್ನಬೇಕು ಅಂತ ನನಗೆ ಅಪ್ಪಣೆ" ಅಂತು ಹುಲಿ.

"ತಿನ್ನುವಂತೆ, ಇರು. ನಿನ್ನ ಹೆಗಲಿಗೆ ಏನಾಗೈತೆ?"

ದಂಡಿಗೆ ಉಜ್ಜಿ ಉಜ್ಜಿ ಹುಲಿಯ ಹೆಗಲು ಅಂಗೈಯಗಲ ಹುಣ್ಣಾಗಿತ್ತು. ನೊಣ ಮುತ್ತಿತ್ತು. "ಕಾಡಲ್ಲಿ ಗುರ್ ಅಂದೆ. ಅದನ್ನೂ ಹೂಂ ಅಂತ ಬರಕೊಂಡ. ಹನ್ನೆರಡು ವರ್ಷ ಆಯ್ತು ಹೊತ್ತು" ಅಂತು ಹುಲಿ.

ದುರುಗನಿಗೆ ನಗುವೂ ಬಂತು, ಮರುಕವೂ ಬಂತು. ಸೊಂಟಕ್ಕೆ ಕಟ್ಟಿದ್ದ ಸೋರೆಬುರುಡೆಯಿಂದ ಹರಳೆಣ್ಣೆ ತೆಗೆದು ಹುಣ್ಣಿಗೆ ಹಚ್ಚಿದ. ಹಚ್ಚಿದರೆ ಸಾಲದು, ನಾಳೆ ದಂಡಿಗೆ ಮತ್ತೆ ಉಜ್ಜುತ್ತದೆ. ಹೆಗಲ ಮೇಲಿನ ಸಿಂಬೆ ಮುಟ್ಟಿ ನೋಡಿಕೊಂಡ. ಅವ್ವನ ಕೈಯ ಕೊನೆಯ ಕೆಲಸ ಅದು. ಒಂದು ಗಳಿಗೆ ನಿಂತ. ಆಮೇಲೆ ಬಿಚ್ಚಿ ಹುಲಿಯ ಹೆಗಲಿಗೆ ಕಟ್ಟಿದ.

ಹುಲಿ ಸಿಂಬೆಯನ್ನು ಮೂಸಿ ನೋಡಿತು. "ಇಷ್ಟು ವರ್ಷ ಹೊತ್ತಿದ್ದೀನಿ, ನೋಯುತ್ತಾ ಅಂತ ಯಾರೂ ಕೇಳಿರಲಿಲ್ಲ" ಅಂತು. "ಹೋಗು. ನಾನು ಕಣ್ಣು ಮುಚ್ಚಿದ್ದೆ ಅಂತೀನಿ."

ಎರಡನೆಯ ಬಾಗಿಲಲ್ಲಿ ಕರಡಿ ಕೂತಿತ್ತು. ಅದರ ಕಣ್ಣುಗಳು ಕೆಂಡದಂತೆ ಕೆಂಪಗಿದ್ದವು.

"ಹನ್ನೆರಡು ವರ್ಷದಿಂದ ನಿದ್ದೆ ಇಲ್ಲ" ಅಂತು ಕರಡಿ. "ಹೊಟ್ಟೆಯೊಳಗೆ ಒಂದು ಕತೆ ಐತೆ. ಹೇಳಿ ಮುಗಿಸದೆ ನಿದ್ದೆ ಬರಲ್ಲ. ಹೂಂಗುಟ್ಟೋರಿಲ್ಲದೆ ಹೇಳೋಕಾಗಲ್ಲ. ನೀನು ಹೂಂಗುಟ್ಟು, ಒಳಗೆ ಬಿಡ್ತೀನಿ."

ಒಳಗಿನ ತೊಲೆಯ ಮೇಲೆ ಚಿನ್ನದ ಹಲ್ಲಿ ಇಣುಕುತ್ತಿತ್ತು. ದುರುಗ ಯೋಚಿಸಿದ. ಕವೆಗೋಲನ್ನು ಕಲ್ಲಿಗೆ ಬಡಿದ. ಟಕ್.

"ಇದೇ ನನ್ನ ಹೂಂ ಅನ್ಕೋ. ಹೇಳು."

ಕರಡಿ ಹೇಳಿತು. "ಒಂದೂರಲ್ಲಿ ಒಬ್ಬ ಬರಿಗಾಲಿನ ಹುಡುಗ ಇದ್ದ." ಟಕ್. "ನಮ್ಮ ನಿಮ್ಮ ಹಾಗೇ ಇದ್ದ. ಹೆಸರು ಆಮೆಗಣ್ಣ." ಟಕ್. "ಅವನಿಗೆ ನಡೆಯೋದು ಬೇಸರ ಬಂತು, ಬೇರೆಯವರ ಹೆಗಲು ಬೇಕಾಯ್ತು. ಮಂತ್ರ ಕಲಿತ. ಆಗ ನೆಲ ಹೇಳ್ತು, ನನ್ನ ಮೇಲೆ ನಡೆಯೋರಿಂದ ನೀನು ಏನೇನು ಕಿತ್ಕೋತೀಯೋ ಕಿತ್ಕೋ. ನಿನ್ನ ಪಾದ ನನಗೆ ತಾಗಿದ ದಿನ ಎಲ್ಲಾನೂ ವಾಪಸ್ ಕೊಡ್ತೀನಿ." ಟಕ್. "ಆವತ್ತಿಂದ ಅವನು ಮಣ್ಣು ಮುಟ್ಟಿಲ್ಲ, ಮರಳು ಮುಟ್ಟಿಲ್ಲ. ಮನೆಯೊಳಗೆ ಹಲಗೆ, ಹೊರಗೆ ಮೇನೆ. ಈ ಕತೆ ಗೊತ್ತಿದ್ದವನು ನಾನೊಬ್ಬ. ನಾನು ಹೇಳಬಾರದು ಅಂತಲೇ ಹೂಂಗುಟ್ಟೋರನ್ನ ಇಲ್ಲದ ಹಾಗೆ ಮಾಡಿದ."

ಟಕ್. ಈ ಸಲದ ಬಡಿತ ಜೋರಾಗಿತ್ತು.

ಕರಡಿ ಆಕಳಿಸಿತು. "ಮುಗೀತು. ನಿನ್ನ ಹೊಟ್ಟೆ ತಣ್ಣಗಿರಲಿ" ಅಂತು. ಅಂದದ್ದೇ, ಪಕ್ಕಕ್ಕೆ ಉರುಳಿ ನಿದ್ದೆ ಹೋಯಿತು. ಹನ್ನೆರಡು ವರ್ಷದ ಬಾಕಿ ನಿದ್ದೆ. ಆಳುಗಳು ಬಂದು ತಮಟೆ ಬಡಿದರು, ಮೂಗಿಗೆ ಮೆಣಸಿನಕಾಯಿ ಹೊಗೆ ಹಾಕಿದರು. ಕರಡಿ ಏಳಲಿಲ್ಲ. ಅಂದು ಏಳಲಿಲ್ಲ, ಮರುದಿನ ಏಳಲಿಲ್ಲ, ಹುಣ್ಣಿಮೆಯ ಬೆಳಿಗ್ಗೆಗೂ ಏಳಲಿಲ್ಲ.

ದುರುಗನನ್ನು ಆಳುಗಳು ಹಿಡಿದು ಕಟ್ಟಿಹಾಕಿದ್ದರು. ಹುಣ್ಣಿಮೆಯ ಬೆಳಿಗ್ಗೆ ಕೂರ್ಮಾಕ್ಷ ಅವನನ್ನು ಹಲಗೆಯ ಮುಂದೆ ನಿಲ್ಲಿಸಿಕೊಂಡ. ಮಾತು ಬೆಣ್ಣೆಯಂತಿತ್ತು.

"ನನ್ನ ಕರಡಿಯನ್ನು ಮಲಗಿಸಿದೆ. ಇರಲಿ. ಒಂಟಿ ಹುಲಿ ಮೇನೆ ಹೊರಲಾರದು. ನಿನ್ನ ಮಾವನನ್ನು ಕರೆಸಿದ್ದೇನೆ. ಇಬ್ಬರೂ ನನ್ನನ್ನು ಹೊತ್ತು ಹೊಳೆ ದಾಟಿಸಿ, ನಡುಹಗಲೊಳಗೆ ಮಂಟಪ ಮುಟ್ಟಿಸಿ. ನಿನ್ನ ತಾಯಿಯನ್ನು ಬಿಡುತ್ತೇನೆ. ನಿಮ್ಮ ರೂಢಿಯಂತೆಯೇ ಹೊರಬೇಕು."

ಹೊರುವವರು ಹೂಂಗುಟ್ಟದೆ ಹೊರಲಾರರು ಅಂತ ಅವನಿಗೆ ಗೊತ್ತಿತ್ತು. ಯಾಕೆ ಹೂಂಗುಟ್ಟುತ್ತಾರೆ ಅಂತ ಗೊತ್ತಿರಲಿಲ್ಲ, ಕೇಳಿಯೂ ಇರಲಿಲ್ಲ. ಹಲ್ಲಿಯನ್ನು ಮೇನೆಯ ಹಿಂಬದಿಗೆ ಕೂರಿಸಿದ. ದಾರಿಯಲ್ಲೇ ಸಾವಿರನೆಯ ಕಂಬ ಸಿಗುತ್ತದೆ ಅಂತ ಎಣಿಸಿದ.

ದಂಡಿಗೆಗೆ ಹೆಗಲು ಕೊಡುವ ಮೊದಲು ಕಾಟಯ್ಯ ಪಿಸುಗುಟ್ಟಿದ. "ಹೂಂ ಬರದೆ ನನ್ನ ಕಾಲು ಏಳಲ್ಲ ಕಣ್ಲಾ."

"ಕೋಲು ಬಡೀತೀನಿ ಮಾವ."

"ಬಡಿತ ಕೇಳ್ಸಲಿಲ್ಲ ಅಂದ್ರೆ?"

"ಕೇಳ್ಸಲಿಲ್ಲ ಅಂದ್ರೆ, ನಮ್ಮ ಕಟ್ಟಳೆ ಏನೈತೋ ಅದು."

ಕಾಟಯ್ಯ ಅಳಿಯನ ಮುಖ ನೋಡಿದ. ದಂಡಿಗೆಗೆ ಹೆಗಲು ಕೊಟ್ಟ.

ಹೊರಟರು. "ಎಡಕ್ಕೆ ಕಲ್ಲು." ಟಕ್. "ಬಲಕ್ಕೆ ಮುಳ್ಳು." ಟಕ್. ಊರಿನವರೆಲ್ಲ ಹೊಳೆಯ ದಡದಲ್ಲಿ ನಿಂತಿದ್ದರು. ಅವರಲ್ಲಿ ಪ್ರತಿಯೊಬ್ಬರ ಮನೆಯವರೂ ಆಚೆ ದಡದಲ್ಲಿ ಕಂಬವಾಗಿದ್ದರು. ರಾಜನ ದಂಡೂ ಸಾಲುಗಟ್ಟಿ ನಿಂತಿತ್ತು. ಹುಲಿ ಬಂಡೆಯೊಂದರ ಮೇಲೆ ಕೂತು ನೋಡುತ್ತಿತ್ತು.

ಹೊಳೆಗೆ ಇಳಿದರು. ನೀರು ಮೊಣಕಾಲಿಗೆ ಬಂತು, ತೊಡೆಗೆ ಬಂತು.

"ಮುಂದೆ ಮಡು ಐತೆ" ಅಂತ ಕೂಗಿದ ಕಾಟಯ್ಯ.

ದುರುಗ ಕೋಲು ಊರಿದ. ನೀರಿನ ತಳದ ಮರಳಿಗೆ ಊರಿದ ಕೋಲಿಗೆ ಸದ್ದೆಲ್ಲಿಂದ ಬರಬೇಕು? ಕಾಟಯ್ಯ ನಿಂತ.

"ಮಡು ಐತೆ, ದುರುಗಾ."

ದುರುಗ ಬಾಯಿ ಬಿಡಲಿಲ್ಲ. ಹತ್ತು ವರ್ಷದ ಅಭ್ಯಾಸದ ಹೂಂ ನಾಲಿಗೆಯ ತುದಿಗೆ ಬಂತು, ಹಲ್ಲು ಕಚ್ಚಿ ತಡೆದ.

ಕೂರ್ಮಾಕ್ಷ ಪರದೆ ಸರಿಸಿದ. ಸೂರ್ಯ ನೆತ್ತಿಗೆ ಬರುತ್ತಿದ್ದ. "ಯಾಕೆ ನಿಂತಿರಿ? ನಡೆಯಿರಿ."

"ಹಿಂದಿನಿಂದ ಹೂಂ ಬಂದಿಲ್ಲ ಬುದ್ಧಿ" ಅಂದ ಕಾಟಯ್ಯ.

"ಅದಕ್ಕೇನು?"

"ಬರದಿದ್ರೆ ಹೆಜ್ಜೆ ಕೀಳೋ ಹಾಗಿಲ್ಲ."

ಕೂರ್ಮಾಕ್ಷ ಹಿಂದಕ್ಕೆ ತಿರುಗಿದ. ಮಾತಿಗೆ ಮತ್ತೆ ಬೆಣ್ಣೆ ಹಚ್ಚಿದ. "ದುರುಗಾ, ಒಂದೇ ಒಂದು ಹೂಂ ಅನ್ನು. ನೀನು ಕಂಬವಾಗುತ್ತೀಯೆ, ನಿನ್ನ ತಾಯಿ ಹೊರಗೆ ಬರುತ್ತಾಳೆ. ಅವಳ ಜಾಗಕ್ಕೆ ಬೇರೆ ಯಾರಾದರೂ ಸಿಗುತ್ತಾರೆ. ಹೆತ್ತ ತಾಯಿಗಾಗಿ ಅಷ್ಟೂ ಮಾಡಲಾರೆಯಾ?"

ದುರುಗನ ಕಣ್ಣು ಆಚೆ ದಡಕ್ಕೆ ಹೋಯಿತು. ಅವ್ವನ ಕಂಬ ಯಾವುದು ಅಂತ ಅವನಿಗೆ ಗೊತ್ತಿತ್ತು. ಅವಳಿಗಾಗಿ ಕಲ್ಲಾಗುವುದು ಅವನಿಗೆ ದೊಡ್ಡದಲ್ಲ. ಆದರೆ ಅವಳ ಪಕ್ಕದಲ್ಲಿ ಕುಂಬಾರರ ಲಚ್ಚಿಯಿದ್ದಳು, ಅವಳ ಪಕ್ಕ ಹಾಲು ಮಾರುವ ಮುದುಕನಿದ್ದ, ಅವನಾಚೆ ಇನ್ನೂ ಒಂಬೈನೂರು ಜನ. ಛಾವಣಿ ಏರಿದರೆ ಅವರೆಲ್ಲ ಎಂದೆಂದಿಗೂ ಕಲ್ಲೇ. ಅವ್ವ ಹೊರಗೆ ಬಂದು, ಉಳಿದವರೆಲ್ಲ ಎಲ್ಲಿ ಮಗಾ ಅಂತ ಮಗನ ಕಲ್ಲನ್ನು ಕೇಳಿದರೆ ಕಲ್ಲು ಏನು ಹೇಳಬೇಕು?

"ಒಲ್ಲೆ" ಅಂದ ದುರುಗ.

ಶಿಲಾವತಿಯಲ್ಲಿ ಆ ಮಾತನ್ನು ಕೂರ್ಮಾಕ್ಷನ ಎದುರು ಯಾರೂ ಆಡಿರಲಿಲ್ಲ. ಹಲ್ಲಿ ನಾಲಿಗೆ ಚಾಚಿತು, ಏನು ಹಿಡಿಯಬೇಕೋ ತಿಳಿಯದೆ ಒಳಗೆಳೆದುಕೊಂಡಿತು.

"ಮಡು ಐತೆ" ಅಂತ ಕಾಟಯ್ಯ ಮೂರನೆಯ ಸಲ ಕೂಗಿದ. ಉತ್ತರ ಬರಲಿಲ್ಲ. "ಕಟ್ಟಳೆ ಬುದ್ಧಿ" ಅಂದ. ಇಬ್ಬರೂ ಹೊಳೆಯ ನಡುವೆ ಮೇನೆ ಇಳಿಸಿದರು.

ನೀರು ಒಳಗೆ ನುಗ್ಗಿತು. ಮೆತ್ತೆ ತೇಲಿತು, ಎಲೆಯಡಿಕೆ ತಟ್ಟೆ ತೇಲಿತು, ಓಲೆಗಳು ತೇಲಿಹೋದವು. ಕಾಲ ಕೆಳಗಿನ ಮರಳು ಸರಿದು ಮೇನೆ ವಾಲಿತು. ಕೂರ್ಮಾಕ್ಷ ದಂಡಿಗೆಯನ್ನು ತಬ್ಬಿ ನೇತಾಡಿದ, ಕಾಲು ಎದೆಗೆ ಸೇರಿಸಿಕೊಂಡ. "ದಂಡು ಬರಲಿ, ನನ್ನನ್ನು ಎತ್ತಲಿ" ಅಂತ ಅರಚಿದ.

ಸೈನಿಕರು ದಳವಾಯಿಯ ಕಡೆ ತಿರುಗಿದರು. "ಹೋಗೋಣವೇ ಒಡೆಯಾ?" ದಳವಾಯಿ ಹೂಂ ಅನ್ನಬೇಕಿತ್ತು. ಹಲ್ಲಿ ನೆನಪಾಗಿ ಬಾಯಿ ಮುಚ್ಚಿಕೊಂಡ, ರಾಜನ ಕಡೆ ನೋಡಿದ. ರಾಜ ಆಕಾಶ ನೋಡಿದ. ಕೂರ್ಮಾಕ್ಷ ಊರಲ್ಲೆಲ್ಲ ಬಿತ್ತಿದ್ದ ಭಯ ಅವನ ಮುಂದೆಯೇ ಬೆಳೆದು ನಿಂತಿತ್ತು.

ಯಾರೂ ಅವನನ್ನು ನೂಕಲಿಲ್ಲ. ಯಾರೂ ಹೊಡೆಯಲಿಲ್ಲ. ದುರುಗ, ಕಾಟಯ್ಯ ಕೈಕಟ್ಟಿ ನಿಂತರು, ಅಷ್ಟೇ. ಒಂದು ಚೊಂಬು ನೀರನ್ನೂ ತಾವಾಗಿ ಎತ್ತಿರದ ತೋಳುಗಳು ಅವು. ತಮ್ಮದೇ ಮೈಯನ್ನು ಎಷ್ಟು ಹೊತ್ತು ಹೊತ್ತಾವು? ನೂರು ಎಣಿಸುವುದರೊಳಗೆ ನಡುಗಿದವು, ಜಾರಿದವು. ಅವನ ಹೆಬ್ಬೆರಳು ಮರಳಿಗೆ ತಾಗಿತು.

ನೆಲ ಮಾತು ಉಳಿಸಿಕೊಂಡಿತು.

ಮೊದಲು ಆಚೆ ದಡದಿಂದ ಒಂದು ಸದ್ದು ಬಂತು. ಜೇನುಗೂಡಿನ ಸದ್ದಿನಂತೆ ಸಣ್ಣಗೆ ಹುಟ್ಟಿ ದೊಡ್ಡದಾಯಿತು. ಒಂಬೈನೂರ ತೊಂಬತ್ತೊಂಬತ್ತು ಹೂಂಗಳು ಒಟ್ಟಿಗೆ ವಾಪಸ್ ಬಂದವು. ಲಾಲಿಯ ಹೂಂ, ಮಂಡಿನೋವಿನ ಹೂಂ, ಸಿಟ್ಟಿನ ಹೂಂ, ಅಳುವಿನ ಹೂಂ, ಬಾಯಿಯವು, ಮೂಗಿನವು. ಪ್ರತಿಯೊಂದೂ ತನ್ನ ಒಡೆಯರನ್ನು ಹುಡುಕಿಕೊಂಡು ಹೋಯಿತು. ಕಂಬಗಳು ಮೈಮುರಿದು ಮನುಷ್ಯರಾದವು. ಚಿನ್ನದ ಹಲ್ಲಿ ಬೂದು ಬಣ್ಣದ ಹಲ್ಲಿಯಾಗಿ, ದಂಡಿಗೆ ಹಿಡಿದು ಲೊಚಗುಟ್ಟಿತು.

ಸಣ್ಣೀರವ್ವ ಸೀರೆ ಎತ್ತಿಕಟ್ಟಿ ಹೊಳೆಗೆ ಇಳಿದು ಬಂದಳು. ಮೊದಲು ಮಗನ ಹೆಗಲು ಮುಟ್ಟಿದಳು.

"ಸಿಂಬೆ ಎಲ್ಲೋ? ಸುತ್ತಿ ಮುಗಿಸಿರಲಿಲ್ಲ ನಾನು."

"ಹುಲಿಗೆ ಕೊಟ್ಟೆ ಅವ್ವಾ."

"ಹ್ಞೂಂ" ಅಂದಳು ಸಣ್ಣೀರವ್ವ, ಇವನಿಗೆ ತಲೆ ಕೆಟ್ಟಿದೆ ಅನ್ನುವ ಹಾಗೆ. ದುರುಗ ಹೊಳೆಯ ನಡುವೆ ನಿಂತು ಅತ್ತ. ಆ ಒಂದು ದನಿಗಾಗಿ ಅವನು ಅಷ್ಟು ದಿನ ಕಲ್ಲಿಗೆ ಬೆನ್ನು ಕೊಟ್ಟು ಕೂತಿದ್ದ.

ಕೂರ್ಮಾಕ್ಷ ಈಗ ಕೂರ್ಮಾಕ್ಷನಲ್ಲ, ಒದ್ದೆಯಾದ ಒಬ್ಬ ಮುದುಕ ಆಮೆಗಣ್ಣ. ದಡ ಹತ್ತಿ ಎರಡು ಹೆಜ್ಜೆ ಇಟ್ಟ, ಗರಸುಕಲ್ಲು ಚುಚ್ಚಿ ಕೂತುಬಿಟ್ಟ. ಜನ ಕಲ್ಲೆತ್ತಿಕೊಂಡು ಸುತ್ತ ನಿಂತರು. ಸಣ್ಣೀರವ್ವ ಅವರನ್ನು ಸರಿಸಿ ಮುಂದೆ ಬಂದಳು.

"ಕಾಲು ನೋಯ್ತೈತೇನೋ?"

ಅವನು ಮುಖವೆತ್ತಲಿಲ್ಲ. "ಹ್ಞೂಂ" ಅಂದ.

ಯಾವ ಪಂಡಿತನೂ ಅದಕ್ಕೆ ಅರ್ಥ ಹೇಳಬೇಕಾಗಲಿಲ್ಲ. ಜನ ಕಲ್ಲು ಕೆಳಗೆ ಹಾಕಿದರು. ಅವನು ಕುಂಟುತ್ತಾ, ತನ್ನದೇ ಕಾಲಿನ ಮೇಲೆ, ಆ ರಾಜ್ಯ ಬಿಟ್ಟು ಹೋದ. ಪಂಡಿತರಿಗೆ ಹೋಳಿಗೆ ನಿಂತಿತು. ರಾಜನಿಗೆ ಮೇನೆ ನಿಂತಿತು. ನಡೆದು ನಡೆದು ಅವನ ಹೊಟ್ಟೆ ಕರಗಿತು, ಸ್ವಲ್ಪ ಬುದ್ಧಿಯೂ ಬಂತು ಅಂತ ಹೇಳುತ್ತಾರೆ. ಅದನ್ನು ನಾನು ಪೂರ್ತಿ ನಂಬುವುದಿಲ್ಲ.

ಒಂದು ಬೆಳಿಗ್ಗೆ ಸಣ್ಣೀರವ್ವ ಬಾಗಿಲು ತೆಗೆದರೆ ಹೊಸ್ತಿಲ ಮೇಲೆ ಸಿಂಬೆ ಇತ್ತು, ಹುಲಿಯ ವಾಸನೆ ಹೊಡೆಯುತ್ತಿತ್ತು. ಹುಲಿ ಕಾಡಿಗೆ ಹೊರಟುಹೋಗಿತ್ತು. ಕರಡಿ ಮುಂದಿನ ಹೋಳಿಹುಣ್ಣಿಮೆಗೆ ಎದ್ದು, ಕೂಸುಗಳಿಗೆಲ್ಲ ಕತೆ ಹೇಳುತ್ತಾ ಊರಲ್ಲೇ ಉಳಿಯಿತು.

ವರ್ಷಕ್ಕೊಮ್ಮೆ ಆ ಹುಣ್ಣಿಮೆಯ ನಡುಹಗಲಲ್ಲಿ ಹೊರುವವರೆಲ್ಲ ಹೊಳೆಯ ನಡುವೆ ನಿಲ್ಲುತ್ತಿದ್ದರು. ಮೊದಲ ವರ್ಷ ದುರುಗ ಕೈಮುಗಿದು ಹುಲಿಯನ್ನು ನೆನೆದ, ಕರಡಿಯನ್ನು ನೆನೆದ, ಪಕ್ಕದಲ್ಲೇ ಇದ್ದ ಮಾವನನ್ನು ನೆನೆದ. ಕಾಟಯ್ಯ ನಾಚಿಕೊಂಡು, "ನಾನೇನು ಮಾಡ್ದೆ, ಸುಮ್ನೆ ನಿಂತೆ" ಅಂದ.

"ಮಾವ, ಹೂಂ ಬರದಿದ್ರೆ ನಿಲ್ಲಬೇಕು ಅನ್ನೋ ಕಟ್ಟಳೆ ಮಾಡಿದ್ದು ಯಾರು?"

"ಯಾರಿಗ್ಗೊತ್ತು. ಯಾವನೋ ಹಿಂದೆ ಹೊತ್ತೋನು ಇರಬೇಕು. ಹೊರ್ತಾ ಹೊರ್ತಾ ಸತ್ತೋನ ತಮ್ಮನೋ, ಮಗನೋ."

ದುರುಗ ಸುತ್ತ ನೋಡಿದ. ದಡದ ತುಂಬ ರಾಜನ ಹೆಸರು ಕೆತ್ತಿದ ಕಲ್ಲುಗಳಿದ್ದವು. ಆ ಹೆಸರಿಲ್ಲದವನಿಗೆ ಒಂದು ಕಲ್ಲೂ ಇರಲಿಲ್ಲ. ದುರುಗ ಕಲ್ಲು ನೆಡಿಸಲಿಲ್ಲ, ಕಲ್ಲುಗಳ ಸಹವಾಸ ಅವನಿಗೆ ಸಾಕಾಗಿತ್ತು. ನೀರಿಗೆ ಬಗ್ಗಿ, ಆ ಕಟ್ಟಳೆ ಮಾಡಿದವನಿಗೆ ಕೇಳುವಷ್ಟು ಗಟ್ಟಿಯಾಗಿ, ಹೂಂ ಅಂದ. ನೀನು ಹೇಳಿದ್ದು ನಮಗೆ ಕೇಳಿಸಿತು ಅಂತ. ಹಿಂದೆ ನಿಂತವರೆಲ್ಲ ಹೂಂ ಅಂದರು.

ಅವರು ಅಲ್ಲಿ ನೆಮ್ಮದಿಯಾಗಿದ್ದರು, ನಾವು ಇಲ್ಲಿದ್ದೇವೆ. ಇಷ್ಟು ಹೊತ್ತು ಕೂತು ಕೇಳಿದಿರಿ. ಒಪ್ಪಿದ್ದಕ್ಕೆ ಬೇಡ, ಕೇಳಿದ್ದಕ್ಕೆ ಒಂದು ಹೂಂ ಅನ್ನಿ. ಏಳುತ್ತೇನೆ.